ಗೀರೊ 2021: ಎವೆನೆಪುಲ್ ಮತ್ತು ಯಾರೂ ಬರೆದಿಡದ ನಿರೀಕ್ಷೆ

2021ರ ಮೇ 8ರಂದು ಇಟಲಿಯ ಟುರಿನ್‌ನಲ್ಲಿ ಮೂರು ವಾರದ ಸೈಕಲ್ ರೇಸ್ ಗೀರೊ ದಿ ಇಟಾಲಿಯಾ ಶುರುವಾಯಿತು. ಅಲ್ಲಿ ಸಾಲಾಗಿ ನಿಂತಿದ್ದ 184 ಸವಾರರಲ್ಲಿ ಒಬ್ಬರು ಹೆಚ್ಚುಕಡಿಮೆ ಒಂಬತ್ತು ತಿಂಗಳಿಂದ ಒಂದೇ ಒಂದು ರೇಸಿಗೂ ಇಳಿದಿರಲಿಲ್ಲ. ಮೂರು ವಾರದ ರೇಸನ್ನಂತೂ ಜೀವನದಲ್ಲೇ ಕಂಡಿರಲಿಲ್ಲ. ಸೊಂಟದ ಮೂಳೆ ಮುರಿದು ಕೂಡಿಕೊಂಡಿತ್ತು. ವಯಸ್ಸು 21. ಹಾಗಿದ್ದೂ ಬೆಟ್ಟಿಂಗ್ ಪಟ್ಟಿಗಳಲ್ಲಿ ಆ ಹೆಸರು ಗೆಲ್ಲಬಹುದಾದವರ ಮೇಲ್ಸಾಲಿನಲ್ಲಿತ್ತು, ಬೆಲ್ಜಿಯಂನ ಪತ್ರಿಕೆಗಳ ಮುಖಪುಟದಲ್ಲೂ ಇತ್ತು. ಅವರು ರೆಮ್ಕೊ ಎವೆನೆಪುಲ್.

ಮೂರು ವಾರ ಕಳೆದು ಮಿಲಾನ್‌ನಲ್ಲಿ ರೇಸ್ ಮುಗಿದಾಗ ಅವರು ಅಲ್ಲಿರಲಿಲ್ಲ, ಹದಿನೇಳನೇ ಹಂತದ (ಒಂದು ದಿನದ ಓಟವೇ ಒಂದು ಹಂತ) ನಂತರ ಮನೆಗೆ ಹೋಗಿದ್ದರು. ಇದನ್ನು ಸೋಲು ಎಂದವರಿದ್ದಾರೆ, ಒಳ್ಳೆಯ ಪಾಠ ಎಂದವರೂ ಇದ್ದಾರೆ. ನನಗೆ ಎರಡೂ ಸಾಲದೆನಿಸುತ್ತದೆ. ಪ್ರತಿಭೆ ಎದ್ದು ಕಾಣುವ ಎಳೆಯ ಸವಾರನ ಮುಂದೆ ಎಂಥ ಗುರಿ ಇಡಬೇಕು ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾಗಿ, ದಿನದಿನದ ಲೆಕ್ಕದೊಂದಿಗೆ ಸಿಗುವ ಪ್ರಕರಣ ಇನ್ನೊಂದಿಲ್ಲ. ತಂಡ ಮೈಕಿನ ಮುಂದೆ ಏನು ಹೇಳಿತು ಎಂಬುದು ನಿರೀಕ್ಷೆಯಲ್ಲ. ಯಾರು ಯಾರಿಗಾಗಿ ಕಾಯಬೇಕು, ಯಾರಿಗೆ ನೀರು ತರಬೇಕು, ಯಾವ ದಿನ ನಿಲ್ಲಿಸಿ ವಿಚಾರ ಮಾಡಬೇಕು ಎಂದು ಮಾಡಿಟ್ಟ ಏರ್ಪಾಟೇ ನಿಜವಾದ ನಿರೀಕ್ಷೆ. ಎವೆನೆಪುಲ್ ಪ್ರಕರಣದಲ್ಲಿ ಇವೆರಡಕ್ಕೂ ತಾಳೆಯಿರಲಿಲ್ಲ.

ಹಿನ್ನೆಲೆ

ಎವೆನೆಪುಲ್ ಹುಟ್ಟಿದ್ದು 2000ದ ಜನವರಿ 25ರಂದು, ಬೆಲ್ಜಿಯಂನ ಆಲ್ಸ್ಟ್‌ನಲ್ಲಿ. ತಂದೆ ಪ್ಯಾಟ್ರಿಕ್ ವೃತ್ತಿಪರ ಸೈಕಲ್ ಸವಾರರಾಗಿದ್ದವರು. ಆದರೂ ಮಗ ಹಿಡಿದದ್ದು ಫುಟ್‌ಬಾಲ್. ಆಂಡರ್ಲೆಕ್ಟ್ ಮತ್ತು ಪಿಎಸ್‌ವಿ ಐಂಡ್‌ಹೋವನ್ ಕ್ಲಬ್‌ಗಳ ಕಿರಿಯರ ತಂಡಗಳಲ್ಲಿ ಬೆಳೆದು ಬೆಲ್ಜಿಯಂನ ಕಿರಿಯರ ತಂಡಕ್ಕೆ ನಾಯಕನಾಗಿದ್ದ ಹುಡುಗ 2017ರಲ್ಲಷ್ಟೇ ಸೈಕಲ್ ಕಡೆ ತಿರುಗಿದ್ದು. ಮರುವರ್ಷವೇ ಇನ್ಸ್‌ಬ್ರುಕ್‌ನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್, ಅದೂ ರಸ್ತೆ ಓಟ ಮತ್ತು ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವುದು) ಎರಡರಲ್ಲೂ. ಅದೇ ವರ್ಷ ಜೂನಿಯರ್ ಯುರೋಪಿಯನ್ ರಸ್ತೆ ಓಟದಲ್ಲಿ ಎರಡನೆಯವರಿಗಿಂತ ಒಂಬತ್ತು ನಿಮಿಷಕ್ಕೂ ಹೆಚ್ಚು ಮುಂದೆ ಬಂದು ಗೆದ್ದರು. ಆ ವಯಸ್ಸಿನ ರೇಸ್‌ಗಳಲ್ಲಿ ಅರ್ಧ ನಿಮಿಷವೇ ದೊಡ್ಡ ಅಂತರ.

ಸಾಮಾನ್ಯವಾಗಿ ಇದಾದ ಮೇಲೆ 23ರೊಳಗಿನವರ ವಿಭಾಗದಲ್ಲಿ ಎರಡು ಮೂರು ವರ್ಷ ಕಳೆಯಬೇಕು. ಅಲ್ಲಿನ ದೊಡ್ಡ ಪರೀಕ್ಷೆ ಫ್ರಾನ್ಸಿನ ಟೂರ್ ದ ಲಾವೆನೀರ್, ಆಗ ಹತ್ತು ದಿನದ ಆಸುಪಾಸಿನ ಹಂತಗಳ ರೇಸ್. ಮುಂದೆ ಟೂರ್ ದ ಫ್ರಾನ್ಸ್ ಗೆದ್ದ ಎಗಾನ್ ಬೆರ್ನಾಲ್ ಅದನ್ನು 2017ರಲ್ಲಿ ಗೆದ್ದಿದ್ದರು, ತದೇಯ್ ಪೊಗಾಚರ್ 2018ರಲ್ಲಿ. ಎವೆನೆಪುಲ್ ಆ ಮೆಟ್ಟಿಲನ್ನು ಪೂರ್ತಿ ಹಾರಿ 2019ರಲ್ಲಿ ನೇರವಾಗಿ ವ್ಯವಸ್ಥಾಪಕ ಪ್ಯಾಟ್ರಿಕ್ ಲೆಫೆವೆರ್ ಅವರ ವೃತ್ತಿಪರ ಡೆಕೂನಿಂಕ್–ಕ್ವಿಕ್ ಸ್ಟೆಪ್ ತಂಡ ಸೇರಿದರು. ರಣಜಿ ಆಡದೆ ಟೆಸ್ಟ್ ಕ್ಯಾಪ್ ಹಾಕಿಕೊಂಡ ಹಾಗೆ. ಮೊದಲ ವರ್ಷವೇ ಸ್ಪೇನಿನ ಸಾನ್ ಸೆಬಾಸ್ಟಿಯನ್ ಕ್ಲಾಸಿಕ್ ಗೆದ್ದರು, ಆಗ ವಯಸ್ಸು 19. ಟೈಮ್ ಟ್ರಯಲ್‌ನಲ್ಲಿ ಯುರೋಪಿಯನ್ ಚಾಂಪಿಯನ್ ಆದರು, ಯಾರ್ಕ್‌ಶೈರ್ ವಿಶ್ವ ಕೂಟದಲ್ಲಿ ಬೆಳ್ಳಿ ತಂದರು. 2020ರಲ್ಲಿ ಅವರು ಇಳಿದ ಹಂತಗಳ ರೇಸ್‌ಗಳು ನಾಲ್ಕು: ಸಾನ್ ಹುವಾನ್, ಅಲ್ಗಾರ್ವೆ, ಬುರ್ಗೋಸ್, ಪೋಲೆಂಡ್. ನಾಲ್ಕನ್ನೂ ಗೆದ್ದರು.

ಈ ಸಾಲನ್ನು ಓದಿದರೆ ಯಾರಿಗಾದರೂ ತಲೆ ತಿರುಗುತ್ತದೆ. ಬೆಲ್ಜಿಯಂಗೂ ತಿರುಗಿತು. 1976ರಲ್ಲಿ ಲೂಸಿಯಾನ್ ವ್ಯಾನ್ ಇಂಪ್ ಟೂರ್ ದ ಫ್ರಾನ್ಸ್ ಗೆದ್ದ ಮೇಲೆ, 1978ರಲ್ಲಿ ಯೋಹಾನ್ ದೆ ಮೊಯಿಂಕ್ ಗೀರೊ ಗೆದ್ದ ಮೇಲೆ, ಸೈಕಲ್ಲೇ ಉಸಿರಾಗಿರುವ ಆ ದೇಶಕ್ಕೆ ಮೂರು ವಾರದ ಒಂದು ರೇಸೂ ದಕ್ಕಿರಲಿಲ್ಲ. ಹಾಗಾಗಿ ಅಲ್ಲಿನ ದಂತಕಥೆ ಎಡಿ ಮರ್ಕ್ಸ್ ಹೆಸರು ಹಿಡಿದು, ಹೊಸ ಮರ್ಕ್ಸ್ ಬಂದ ಎಂಬ ಮಾತು ಎಲ್ಲೆಡೆ ಓಡಾಡಿತು. ಆದರೆ ಆ ಮಾತಾಡಿದವರು ಹಳೆಯ ಮರ್ಕ್ಸ್‌ನ ದಾಖಲೆಯನ್ನೇ ತೆರೆದು ನೋಡಬಹುದಿತ್ತು. ಎಡಿ ಮರ್ಕ್ಸ್ ತಮ್ಮ ಮೊದಲ ಗೀರೊಗೆ ಇಳಿದದ್ದು 1967ರಲ್ಲಿ, ವಯಸ್ಸು ಅಷ್ಟೇ, 21. ಎರಡು ಹಂತ ಗೆದ್ದು ಒಟ್ಟಾರೆ ಪಟ್ಟಿಯಲ್ಲಿ ಒಂಬತ್ತನೆಯವರಾದರು. ಪೆಟ್ಟಾಗದ ದೇಹ, ರೇಸಿನಲ್ಲಿ ಪಳಗಿದ ಕಾಲು ಇದ್ದ ಮರ್ಕ್ಸ್‌ಗೇ ಒಂಬತ್ತು.

ಸೊರ್ಮಾನೊ

2020ರ ಆಗಸ್ಟ್ 15, ಇಟಲಿಯ ಒಂದು ದಿನದ ರೇಸ್ ಇಲ್ ಲೊಂಬಾರ್ದಿಯಾ. ಒಂದು ವಾರದ ಹಿಂದಷ್ಟೇ ಪೋಲೆಂಡಿನಲ್ಲಿ ಎವೆನೆಪುಲ್ ಐವತ್ತು ಕಿಲೋಮೀಟರ್ ಒಬ್ಬರೇ ಮುಂದೆ ಸಾಗಿ ಗೆದ್ದಿದ್ದರು. ಅದೇ ರೇಸಿನ ಮೊದಲ ದಿನ ಭೀಕರವಾಗಿ ಬಿದ್ದು ಆಸ್ಪತ್ರೆ ಸೇರಿದ್ದ ತಂಡದ ಗೆಳೆಯ ಫಾಬಿಯೊ ಯಾಕೊಬ್ಸೆನ್ ಅವರ ನಂಬರ್ ಚೀಟಿಯನ್ನು ಗೆರೆ ದಾಟುವಾಗ ಎತ್ತಿ ತೋರಿಸಿದ್ದರು. ಲೊಂಬಾರ್ದಿಯಾದಲ್ಲಿ ಸೊರ್ಮಾನೊ ಏರು ಮುಗಿದು ಇಳಿಜಾರು ಶುರುವಾದ ಮೇಲೆ ಒಂದು ಸೇತುವೆಯ ಮೋಟುಗೋಡೆಗೆ ತಾಗಿ ಅವರೇ ಕಮರಿಗೆ ಬಿದ್ದರು. ಸೊಂಟದ ಮೂಳೆ ಮುರಿಯಿತು, ಬಲಗಡೆಯ ಶ್ವಾಸಕೋಶಕ್ಕೆ ಪೆಟ್ಟಾಯಿತು.

ಆ ವರ್ಷದ ಗೀರೊದಲ್ಲಿ ಅವರ ಜಾಗಕ್ಕೆ ಪೋರ್ಚುಗಲ್‌ನ ಜೊವಾವ್ ಅಲ್ಮೇಡಾ ಹೋದರು. ಅಲ್ಮೇಡಾಗೆ ಆಗ 22. ಹದಿನೈದು ದಿನ ಒಟ್ಟಾರೆ ಪಟ್ಟಿಯ ಮೊದಲಿಗರ ಗುಲಾಬಿ ಜೆರ್ಸಿ ತೊಟ್ಟು ಕೊನೆಗೆ ನಾಲ್ಕನೆಯವರಾದರು. ಈ ಹೆಸರನ್ನು ನೆನಪಿಡಿ, ಪ್ರಕರಣದ ಇನ್ನರ್ಧ ಇವರದು.

ಎವೆನೆಪುಲ್ ಚೇತರಿಕೆ ನೇರವಾಗಿ ನಡೆಯಲಿಲ್ಲ. 2021ರ ಆರಂಭದಲ್ಲಿ ಮೂಳೆ ಇನ್ನೂ ಪೂರ್ತಿ ಕೂಡಿಲ್ಲವೆಂದು ಗೊತ್ತಾಗಿ ಸೈಕಲ್ ಅಭ್ಯಾಸ ಮತ್ತೆ ನಿಂತಿತು. ವಸಂತಕಾಲದಲ್ಲಿ ಇಳಿಯಬೇಕಿದ್ದ ರೇಸ್‌ಗಳು ಒಂದೊಂದಾಗಿ ಕೈತಪ್ಪಿದವು. ಕೊನೆಗೆ ಉಳಿದದ್ದು ಎತ್ತರದ ಪ್ರದೇಶದ ಶಿಬಿರ, ಅದಾದ ಮೇಲೆ ನೇರವಾಗಿ ಟುರಿನ್.

ಹೇಳಿದ್ದು ಒಂದು, ಕಟ್ಟಿದ್ದು ಇನ್ನೊಂದು

ರೇಸಿಗೆ ಮುಂಚೆ ತಂಡ ಮತ್ತು ಸವಾರ ಇಬ್ಬರೂ ಸರಿಯಾದ ಮಾತನ್ನೇ ಆಡಿದರು: ಒತ್ತಡವಿಲ್ಲ, ದಿನ ದಿನಕ್ಕೆ ನೋಡೋಣ, ಅಲ್ಮೇಡಾ ಇದ್ದಾರಲ್ಲ. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ, ಮನಸ್ಸಿನಿಂದಲೇ ಹೇಳಿದ್ದಾರು. ಆದರೆ ದಿನ ದಿನಕ್ಕೆ ನೋಡೋಣ ಎನ್ನುವುದು ಯೋಜನೆಯಲ್ಲ, ಯೋಜನೆಯನ್ನು ಮುಂದಕ್ಕೆ ಹಾಕುವ ಬಗೆ. ಮೊದಲ ದಿನ ಒಳ್ಳೆಯದಾದರೆ ಆಸೆ ಒಂದು ಮೆಟ್ಟಿಲು ಏರುತ್ತದೆ, ಎರಡನೇ ದಿನ ಇನ್ನೊಂದು. ಎಲ್ಲಿ ನಿಲ್ಲಬೇಕೆಂದು ಮೊದಲೇ ಗೆರೆ ಎಳೆಯದಿದ್ದರೆ ಅದು ತಾನಾಗಿ ನಿಲ್ಲುವುದಿಲ್ಲ.

ಹಾಗೆಯೇ ಆಯಿತು. ಟುರಿನ್‌ನ 8.6 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಗೆದ್ದ ಫಿಲಿಪ್ಪೊ ಗನ್ನಾಗಿಂತ ಬರೀ 19 ಸೆಕೆಂಡ್ ಹಿಂದೆ. ನಾಲ್ಕನೇ ದಿನ ಸೆಸ್ತೊಲಾ ಏರಿನಲ್ಲಿ ಮಳೆ ಚಳಿಗೆ ಸಿಕ್ಕಿ ಅಲ್ಮೇಡಾ ಪ್ರಮುಖ ಎದುರಾಳಿಗಳಿಗೆ ನಾಲ್ಕು ನಿಮಿಷಕ್ಕೂ ಹೆಚ್ಚು ಬಿಟ್ಟುಕೊಟ್ಟರು, ಎವೆನೆಪುಲ್ ಮುಂದಿನವರ ಜೊತೆಯೇ ಉಳಿದರು. ಅಂದು ಸಂಜೆಯಿಂದ ಯಾರೂ ಘೋಷಿಸದೆಯೇ ನಾಯಕತ್ವ ಒಬ್ಬರಿಂದ ಇನ್ನೊಬ್ಬರಿಗೆ ಜಾರಿತು. ಆರನೇ ದಿನ ಆಸ್ಕೊಲಿ ಹಂತ ಮುಗಿದಾಗ ಒಟ್ಟಾರೆ ಪಟ್ಟಿಯಲ್ಲಿ ಎರಡನೆಯವರು. ಒಂಬತ್ತನೇ ದಿನ ಕಾಂಪೊ ಫೆಲಿಚೆಯಲ್ಲಿ ಎಗಾನ್ ಬೆರ್ನಾಲ್ ಗುಲಾಬಿ ಜೆರ್ಸಿ ಹಿಡಿದಾಗಲೂ ಎರಡನೆಯವರು, ಅಂತರ 15 ಸೆಕೆಂಡ್. ಹತ್ತನೇ ದಿನ ದಾರಿ ಮಧ್ಯದ ಬೋನಸ್ ಗೆರೆಗೆ (ಮೊದಲು ದಾಟಿದವರ ಸಮಯದಿಂದ ಕೆಲವು ಸೆಕೆಂಡ್ ಕಳೆಯುತ್ತಾರೆ) ಬೆರ್ನಾಲ್ ಜೊತೆ ಪೈಪೋಟಿಗಿಳಿದು ಒಂದು ಸೆಕೆಂಡ್ ಕಿತ್ತುಕೊಂಡರು. ಹದಿನಾಲ್ಕು.

ಆ ಒಂದು ಸೆಕೆಂಡನ್ನೇ ಸ್ವಲ್ಪ ಹೊತ್ತು ನೋಡೋಣ. ಒಂಬತ್ತು ತಿಂಗಳ ನಂತರ ಮೊದಲ ಸಲ ರೇಸಿಗಿಳಿದವರು, ಮುಂದೆ ಇನ್ನೂ ಹನ್ನೊಂದು ದಿನ, ಅದರಲ್ಲಿ ಜೊಂಕೊಲಾನ್ ಇದೆ, ದೊಲೊಮಿತಿ ಬೆಟ್ಟಗಳಿವೆ. ಅಂಥವರು ಹಂತವೊಂದರ ನಡುವೆ ಒಂದು ಸೆಕೆಂಡಿಗಾಗಿ ಪೂರ್ತಿ ದಮ್ಮು ಕಟ್ಟಿ ತುಳಿಯುತ್ತಾರೆಂದರೆ, ಒತ್ತಡವಿಲ್ಲ ಎಂಬ ಮಾತು ಅಷ್ಟರಲ್ಲಿ ಸತ್ತಿತ್ತು. ತಪ್ಪು ಅವರದಲ್ಲ. ರೇಸ್ ಗೆಲ್ಲುವ ಹಸಿವಿಲ್ಲದ ಸವಾರ ಬೇಕಾದವರು ಯಾರು? ಆ ಹಸಿವಿಗೆ ಬೇಲಿ ಹಾಕಬೇಕಾದವರು ತಂಡದ ಕಾರಿನಲ್ಲಿ ಕೂತಿದ್ದ ನಿರ್ದೇಶಕರು.

ಹನ್ನೊಂದನೇ ದಿನ

ಹತ್ತನೇ ಹಂತದ ಮರುದಿನ ವಿಶ್ರಾಂತಿ. ಮೇ 19ರಂದು ಪೆರೂಜಾದಿಂದ ಮೊಂಟಾಲ್ಚಿನೊಗೆ 162 ಕಿ.ಮೀ. ಹಂತ. ಕೊನೆಯ ಭಾಗದಲ್ಲಿ ನಾಲ್ಕು ತುಂಡಾಗಿ ಸುಮಾರು 35 ಕಿ.ಮೀ. ಟಸ್ಕನಿಯ ಬಿಳಿ ಮಣ್ಣಿನ ರಸ್ತೆ. ಒಣಗಿದ್ದಾಗ ಸಣ್ಣ ಜಲ್ಲಿ ಟಯರಿನಡಿ ಉರುಳುತ್ತದೆ, ಧೂಳಿನಲ್ಲಿ ಮುಂದಿನವರ ಚಕ್ರ ಕಾಣುವುದಿಲ್ಲ, ಬ್ರೇಕ್ ಹಿಡಿದರೆ ಹಿಂದಿನ ಗಾಲಿ ಜಾರುತ್ತದೆ. ಇಂಥ ರಸ್ತೆಯಲ್ಲಿ ಇಳಿಯುವುದು ಕಾಲಿನ ಕೆಲಸವಲ್ಲ. ಗುಂಪಿನಲ್ಲಿ ಎಲ್ಲಿದ್ದೇನೆ ಎಂಬ ಎಚ್ಚರ ಬೇಕು, ಹ್ಯಾಂಡಲ್ ಮೇಲೆ ಕೈ ಸಡಿಲ ಬಿಡುವ ಧೈರ್ಯ ಬೇಕು.

ಬೆರ್ನಾಲ್, ಗನ್ನಾ ಇದ್ದ ಇನಿಯೋಸ್ ತಂಡಕ್ಕೆ ಇದು ಗೊತ್ತಿತ್ತು. ಮೊದಲ ಮಣ್ಣಿನ ತುಂಡು ಬಹುತೇಕ ಇಳಿಜಾರು. ಅದರ ಬಾಯಿಗೆ ಗನ್ನಾ ತಮ್ಮ ತಂಡವನ್ನು ಮುಂದಿಟ್ಟುಕೊಂಡು ಭಾರೀ ವೇಗದಲ್ಲಿ ನುಗ್ಗಿದರು, ಬೆರ್ನಾಲ್ ಅವರ ಬೆನ್ನಿಗೆ. ಎವೆನೆಪುಲ್ ಹಿಂದೆ ಉಳಿದು, ಗುಂಪು ಹರಿದ ಕಡೆ ಸಿಕ್ಕಿಹಾಕಿಕೊಂಡರು. ಡಾಂಬರು ರಸ್ತೆ ಬಂದಾಗ ಶ್ರಮಪಟ್ಟು ಸೇರಿಕೊಂಡರು. ಮುಂದಿನ ಮಣ್ಣಿನ ಏರಿನಲ್ಲಿ ಮತ್ತೆ ಕಳಚಿಕೊಂಡರು. ಈ ಸಲ ಸೇರಲಾಗಲಿಲ್ಲ. ಕಿವಿಯ ರೇಡಿಯೊ ಕಿತ್ತು ಬಿಸಾಡಿದ್ದು ಟಿವಿಯಲ್ಲಿ ಎಲ್ಲರಿಗೂ ಕಂಡಿತು.

ಮುಂದಿನ ಗುಂಪಿನಲ್ಲಿ ಅಲ್ಮೇಡಾ ಇದ್ದರು, ಕಾಲೂ ಚೆನ್ನಾಗಿತ್ತು. ಹಿಂದಕ್ಕೆ ಬಂದು, ಗಾಳಿ ತಡೆಯುತ್ತ ಮುಂದೆ ತುಳಿದು ಎವೆನೆಪುಲ್‌ರನ್ನು ಎಳೆಯಲು ಕಾರಿನಿಂದ ಹೇಳಿದರು. ಅವರು ತಕ್ಷಣ ನಿಲ್ಲಲಿಲ್ಲ, ಒಂದಷ್ಟು ದೂರ ಮುಂದೆಯೇ ಹೋದರು, ಆಮೇಲೆ ಕಾದರು. ಅಂದು ಬೆರ್ನಾಲ್‌ಗೆ ಎವೆನೆಪುಲ್ ಬಿಟ್ಟುಕೊಟ್ಟದ್ದು 2 ನಿಮಿಷ 8 ಸೆಕೆಂಡ್. ಎರಡನೇ ಸ್ಥಾನದಿಂದ ಏಳಕ್ಕೆ. ಕಾದವರ ಸಮಯವೂ ಹೋಯಿತು. ಬೆಲ್ಜಿಯಂನಲ್ಲಿ ಅಂದು ಸಂಜೆಯಿಂದ ಚರ್ಚೆಯೆಲ್ಲ ಅಲ್ಮೇಡಾ ಬೇಗ ಕಾಯಬೇಕಿತ್ತೇ ಇಲ್ಲವೇ ಎಂಬುದರ ಸುತ್ತಲೇ.

ನನ್ನ ದೃಷ್ಟಿಯಲ್ಲಿ ಪ್ರಕರಣದ ಗಂಟು ಇರುವುದು ಇಲ್ಲಿ. ಕಾಯಬೇಕೋ ಬೇಡವೋ ಎಂಬುದು ಮೊಂಟಾಲ್ಚಿನೊದ ಮಣ್ಣಿನ ರಸ್ತೆಯಲ್ಲಿ ನಿರ್ಧಾರವಾಗಬೇಕಾದ ಸಂಗತಿಯೇ ಅಲ್ಲ. ಟುರಿನ್‌ಗೆ ಮುಂಚೆ, ಮೇಜಿನ ಮುಂದೆ ಕೂತು ತೀರ್ಮಾನವಾಗಬೇಕಿತ್ತು. ಎವೆನೆಪುಲ್ ನಿಜಕ್ಕೂ ಅನುಭವಕ್ಕಾಗಿ ಬಂದಿದ್ದರೆ, ಅವರು ಹಿಂದೆ ಬಿದ್ದಾಗ ಯಾರೂ ಕಾಯುವ ಪ್ರಶ್ನೆಯಿಲ್ಲ. ಕಾಯಲು ಹೇಳಿದ ಕ್ಷಣದಲ್ಲಿ ತಂಡ ತನ್ನ ನಿಜವಾದ ನಿರೀಕ್ಷೆಯನ್ನು ಬಾಯಿಬಿಟ್ಟಿತು.

ಅದರ ಬೆಲೆ ಎಷ್ಟು ಎಂಬುದು ಮಿಲಾನ್‌ನ ಕೊನೆಯ ಪಟ್ಟಿಯಲ್ಲಿದೆ. ಅಲ್ಮೇಡಾ ಆರನೆಯವರು, ಬೆರ್ನಾಲ್‌ಗಿಂತ 7 ನಿಮಿಷ 24 ಸೆಕೆಂಡ್ ಹಿಂದೆ. ಐದನೆಯವರು ಡ್ಯಾನಿಯೆಲ್ ಮಾರ್ಟಿನೆಸ್, ಅವರದೂ 7 ನಿಮಿಷ 24 ಸೆಕೆಂಡ್. ಒಂದು ಸ್ಥಾನ ತಪ್ಪಿದ್ದು ಸೆಕೆಂಡಿನ ಚೂರಿನಲ್ಲಿ. ಎಳೆಯ ಪ್ರತಿಭೆಯ ಮೇಲೆ ಹೊರಿಸಿದ ಅಸ್ಪಷ್ಟ ನಿರೀಕ್ಷೆಯ ಲೆಕ್ಕವನ್ನು ಪಕ್ಕದಲ್ಲಿದ್ದ ಇನ್ನೊಬ್ಬ ಎಳೆಯ ಸವಾರ ತೀರಿಸಬೇಕಾಯಿತು. ಈ ಮಾತು ಚರ್ಚೆಗಳಲ್ಲಿ ಕೇಳಿಬರುವುದೇ ಅಪರೂಪ. ಆ ವರ್ಷ ಮುಗಿದ ಮೇಲೆ ಅಲ್ಮೇಡಾ ಯುಎಇ ತಂಡಕ್ಕೆ ಹೋದರು.

ಮುಂದಿನದು ಬೇಗ ಮುಗಿಯುತ್ತದೆ. ಜೊಂಕೊಲಾನ್‌ನಲ್ಲಿ ಎವೆನೆಪುಲ್ ಮತ್ತಷ್ಟು ಹಿಂದೆ. ಹದಿನಾರನೇ ದಿನ ಕೊರ್ತಿನಾಗೆ ಹೋಗುವ ಹಂತದಲ್ಲಿ, ಹವಾಮಾನದ ಕಾರಣ ಎರಡು ದೊಡ್ಡ ಏರುಗಳನ್ನು ತೆಗೆದುಹಾಕಿದ್ದರೂ, 24 ನಿಮಿಷ ಹಿಂದೆ. ಹದಿನೇಳನೇ ದಿನ ಇಳಿಜಾರಿನಲ್ಲಿ ಬಿದ್ದು, ಎದ್ದು, ಹೇಗೋ ಗೆರೆ ಮುಟ್ಟಿದರು. ಮರುದಿನ ಹೊರಡಲಿಲ್ಲ.

ಮೂರು ವಾರದ ದೇಹ

ಒಂದು ವಾರದ ರೇಸ್ ಗೆದ್ದವರು ಮೂರು ವಾರದ ರೇಸಿನಲ್ಲಿ ಅದನ್ನೇ ಮೂರು ಸಲ ಮಾಡಿದರೆ ಸಾಕೆಂದು ಮೇಲ್ನೋಟಕ್ಕೆ ಅನಿಸುತ್ತದೆ. ದೇಹ ಹಾಗೆ ಲೆಕ್ಕ ಹಾಕುವುದಿಲ್ಲ. 21 ಹಂತ, ಎರಡು ವಿಶ್ರಾಂತಿ ದಿನ, ಸುಮಾರು 3,400 ಕಿ.ಮೀ. ದೊಡ್ಡ ಬೆಟ್ಟದ ದಿನ 5,000 ಕ್ಯಾಲರಿಗಿಂತ ಹೆಚ್ಚು ಖರ್ಚು. ಸೈಕಲ್ ಮೇಲೆಯೇ ಗಂಟೆಗೆ 90 ಗ್ರಾಂ ಅಥವಾ ಅದಕ್ಕೂ ಹೆಚ್ಚು ಕಾರ್ಬೊಹೈಡ್ರೇಟ್ ಹೊಟ್ಟೆಗಿಳಿಯಬೇಕು, ಇಳಿದು ದಕ್ಕಬೇಕು. ಎರಡನೇ ವಾರ ಕಳೆಯುವಷ್ಟರಲ್ಲಿ ಅನೇಕರ ಎದೆಬಡಿತ ಗರಿಷ್ಠ ಮಟ್ಟಕ್ಕೆ ಏರುವುದೇ ನಿಲ್ಲುತ್ತದೆ, ಎಷ್ಟು ತುಳಿದರೂ ಮೀಟರ್ ಮೇಲಿನ ಅಂಕಿ ಏರದು. ತಾಜಾ ಕಾಲಿನಲ್ಲಿ ಇಪ್ಪತ್ತು ನಿಮಿಷ ಎಷ್ಟು ವಾಟ್ ಹೊರಡುತ್ತದೆ ಎಂಬುದಕ್ಕಿಂತ, ನಾಲ್ಕು ಗಂಟೆ ತುಳಿದ ಮೇಲೆ, ಹದಿನೈದು ದಿನ ತುಳಿದ ಮೇಲೆ ಅದರಲ್ಲಿ ಎಷ್ಟು ಉಳಿದಿದೆ ಎಂಬುದು ಮೂರನೇ ವಾರದಲ್ಲಿ ಸ್ಥಾನ ನಿರ್ಧರಿಸುತ್ತದೆ.

ಈ ಉಳಿಕೆ ಶಿಬಿರದಲ್ಲಿ ಬರುವುದಿಲ್ಲ, ರೇಸುಗಳಲ್ಲೇ ಬರಬೇಕು. ಅಭ್ಯಾಸದಲ್ಲಿ ಸವಾರ ತನ್ನ ಲಯದಲ್ಲಿ ಏರುತ್ತಾನೆ. ರೇಸಿನಲ್ಲಿ ಲಯ ಇನ್ನೊಬ್ಬರ ಕೈಯಲ್ಲಿರುತ್ತದೆ. ಪ್ರತಿ ತಿರುವಿನ ನಂತರ ಜಿಗಿತ, ಪ್ರತಿ ಊರಿನ ಮುಂದೆ ಜಾಗಕ್ಕಾಗಿ ಹೆಗಲಿಗೆ ಹೆಗಲು. ಮೊದಲ ಹತ್ತು ದಿನ ಎವೆನೆಪುಲ್ ಅಷ್ಟು ಮುಂದಿದ್ದದ್ದು ಅವರ ಇಂಜಿನ್ನಿನ ಗಾತ್ರವನ್ನು ತೋರಿಸಿತು. ಟ್ಯಾಂಕಿನ ಗಾತ್ರ ಎಷ್ಟೆಂದು ಅವರಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲು ಸಾಧ್ಯವೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹಿಡಿದು ಗುರಿ ಇಡಬೇಕಿತ್ತು.

ಇನ್ನೊಂದು ಸಂಗತಿ ಇಳಿಜಾರಿನದು. ಕಮರಿಗೆ ಬಿದ್ದವರು ಮತ್ತೆ ಇಳಿಜಾರಿನಲ್ಲಿ ಕೈ ಸಡಿಲ ಬಿಡಲು ಸಮಯ ಬೇಕು. ಹದಿಮೂರು ಹದಿನಾಲ್ಕರಲ್ಲಿ ಗುಂಪಿನಲ್ಲಿ ಓಡಿಸಿ ಕಲಿತವರಿಗೆ ಇರುವ ಸಹಜತೆ ಹದಿನೇಳರಲ್ಲಿ ಫುಟ್‌ಬಾಲ್ ಬಿಟ್ಟು ಬಂದವರಿಗೆ ಅಷ್ಟು ಬೇಗ ಬರುವುದಿಲ್ಲ, ಅದರಲ್ಲೂ ತುಂಬ ರೇಸ್‌ಗಳನ್ನು ಒಬ್ಬರೇ ಮುಂದೆ ಸಾಗಿ ಗೆದ್ದವರಿಗೆ. ಗೆಲುವಿನ ಬಗೆಯೇ ಒಂದು ಕಲಿಕೆಯನ್ನು ತಪ್ಪಿಸಿತ್ತು. ಇದನ್ನು ವಾಟ್ ಮೀಟರ್ ತೋರಿಸುವುದಿಲ್ಲ. ಫಲಿತಾಂಶದ ಪಟ್ಟಿ ಮಾತ್ರ ನೋಡುವವರಿಗೆ ಹೊಳೆಯುವುದೂ ಇಲ್ಲ.

ಬೇರೆಯವರ ಮೊದಲ ಸಲ

ಆ ಗೀರೊ ಗೆದ್ದ ಬೆರ್ನಾಲ್ ಅವರನ್ನೇ ನೋಡಿ. ಅವರ ಮೊದಲ ಮೂರು ವಾರದ ರೇಸ್ 2018ರ ಟೂರ್ ದ ಫ್ರಾನ್ಸ್. ಗೆಲ್ಲಲು ಹೋಗಿರಲಿಲ್ಲ, ಗೆರೈಂಟ್ ಥಾಮಸ್ ಮತ್ತು ಕ್ರಿಸ್ ಫ್ರೂಮ್ ಅವರನ್ನು ಬೆಟ್ಟ ಹತ್ತಿಸಲು ಹೋಗಿದ್ದರು. ಆ ಕೆಲಸ ಮಾಡಿಯೂ 15ನೆಯವರಾದರು. ಮರುವರ್ಷ 22ರಲ್ಲಿ ಟೂರ್ ಗೆದ್ದರು. ಯೋನಾಸ್ ವಿಂಗೆಗೋರ್ ಮೊದಲ ಸಲ 2020ರಲ್ಲಿ ಸ್ಪೇನಿನ ಮೂರು ವಾರದ ರೇಸ್ ವುಯೆಲ್ಟಾದಲ್ಲಿ ತಂಡದ ನಾಯಕ ಪ್ರಿಮೊಜ್ ರೊಗ್ಲಿಚ್ ಅವರಿಗೆ ದುಡಿದು 46ನೇ ಸ್ಥಾನದಲ್ಲಿ ಮುಗಿಸಿದರು. ರೊಗ್ಲಿಚ್ ಅವರೇ 2016ರ ಗೀರೊದಲ್ಲಿ ಒಂದು ಟೈಮ್ ಟ್ರಯಲ್ ಗೆದ್ದು 58ನೆಯವರು. ಇವರೆಲ್ಲರ ಮೊದಲ ಫಲಿತಾಂಶ ಸಾಧಾರಣ, ಆದರೆ ಮೂರು ವಾರ ಮುಗಿಸಿದ ದೇಹದೊಂದಿಗೆ ಮನೆಗೆ ಹೋದರು.

ಪೊಗಾಚರ್ ಹಾಗಲ್ಲವಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಜ. 2019ರ ವುಯೆಲ್ಟಾ, ವಯಸ್ಸು 20, ಮೂರು ಹಂತ ಗೆದ್ದು ಮೂರನೇ ಸ್ಥಾನ. ಮರುವರ್ಷ ಟೂರ್ ಗೆಲುವು. ಅಂಥವರು ಇದ್ದಾರೆ. ಆದರೆ ಅಪವಾದ ಎದುರಿಗಿದೆಯೆಂದು ಅದನ್ನೇ ಅಳತೆಗೋಲು ಮಾಡಿಕೊಂಡರೆ ಉಳಿದ ಎಲ್ಲ ಹುಡುಗರೂ ಗಿಡ್ಡರಾಗಿಯೇ ಕಾಣುತ್ತಾರೆ. ಪೊಗಾಚರ್ ಆ ವುಯೆಲ್ಟಾಗೆ ಹೋದಾಗ ಇಡೀ ವರ್ಷ ರೇಸಿನಲ್ಲಿದ್ದು, ಪೆಟ್ಟಾಗದ ದೇಹದೊಂದಿಗೆ ಹೋಗಿದ್ದರು ಎಂಬುದನ್ನೂ ಮರೆಯಬಾರದು.

ಮೊದಲ ಸಲವೇ ಗೆದ್ದವರೆಂದರೆ ಬೆರ್ನಾರ್ ಇನೋ. 1978ರಲ್ಲಿ ಮೊದಲ ವುಯೆಲ್ಟಾ, ಮೊದಲ ಟೂರ್, ಎರಡೂ ಅವರದೇ. ಆದರೆ ಅದಕ್ಕೆ ಮುಂಚಿನ ವರ್ಷದ ಕಥೆ ನನಗೆ ಹೆಚ್ಚು ಮುಖ್ಯ. 1977ರಲ್ಲಿ ಅವರು ಬೆಲ್ಜಿಯಂನ ಒಂದು ದಿನದ ರೇಸ್ ಲಿಯೇಜ್–ಬಾಸ್ಟೋನ್–ಲಿಯೇಜ್ ಗೆದ್ದರು. ಫ್ರಾನ್ಸಿನ ಒಂದು ವಾರದ ದೋಫಿನೆ ರೇಸಿನಲ್ಲಿ ಕೋಲ್ ದ ಪೋರ್ತ್ ಇಳಿಯುವಾಗ ಕಮರಿಗೆ ಬಿದ್ದು, ಮೇಲೆದ್ದು ಬಂದು ಆ ರೇಸನ್ನೂ ಗೆದ್ದರು. ಇಡೀ ಫ್ರಾನ್ಸ್ ಅವರನ್ನು ಟೂರ್‌ನಲ್ಲಿ ನೋಡಲು ತುದಿಗಾಲಲ್ಲಿತ್ತು. ತಂಡದ ನಿರ್ದೇಶಕ ಸಿರಿಲ್ ಗಿಮಾರ್ ಅವರನ್ನು ಆ ವರ್ಷ ಟೂರ್‌ಗೆ ಕರೆದೊಯ್ಯಲಿಲ್ಲ. ನಿರೀಕ್ಷೆಯನ್ನು ನಿಭಾಯಿಸುವುದೆಂದರೆ ಇದು. ಹೇಳಿಕೆಯಿಂದ ಆಗದ್ದು ಆಯ್ಕೆ ಪಟ್ಟಿಯಲ್ಲಿ ಹೆಸರಿಲ್ಲದಿರುವುದರಿಂದ ಆಯಿತು.

ಬೇರೆ ದಾರಿ ಏನಿತ್ತು

ಎವೆನೆಪುಲ್ ಗೀರೊಗೆ ಹೋಗಲೇಬಾರದಿತ್ತು ಎಂದು ನಾನು ಹೇಳುವುದಿಲ್ಲ. ಒಂಬತ್ತು ತಿಂಗಳು ರೇಸಿಲ್ಲದ ಹುಡುಗನಿಗೆ ರೇಸ್ ಬೇಕಿತ್ತು, ಮನಸ್ಸಿಗೂ ಬೇಕಿತ್ತು. ಆದರೆ ಏರ್ಪಾಟು ಬೇರೆಯಿರಬಹುದಿತ್ತು. ಅಲ್ಮೇಡಾ ಕೊನೆಯವರೆಗೂ ನಾಯಕ, ನಾಲ್ಕನೇ ದಿನ ಸಮಯ ಹೋದರೂ ನಾಯಕ, ಏಕೆಂದರೆ ಮೂರನೇ ವಾರ ಏನೆಂದು ಆ ಇಬ್ಬರಲ್ಲಿ ಗೊತ್ತಿದ್ದದ್ದು ಅವರಿಗೊಬ್ಬರಿಗೇ. ಎವೆನೆಪುಲ್‌ಗೆ ಯಾರೂ ಕಾಯುವುದಿಲ್ಲ, ಅವರೂ ಬೋನಸ್ ಗೆರೆಗಳ ಹಿಂದೆ ಹೋಗುವುದಿಲ್ಲ. ಹತ್ತನೇ ಹಂತದ ನಂತರದ ವಿಶ್ರಾಂತಿ ದಿನ ವೈದ್ಯರು, ತರಬೇತುದಾರರು, ಸವಾರ ಕೂತು ಮಾತಾಡಬೇಕು. ಎಷ್ಟನೇ ಸ್ಥಾನದಲ್ಲಿದ್ದರೂ ಆ ದಿನ ರೇಸ್ ಮುಗಿಸಿ ಮನೆಗೆ ಹೋಗುವುದು ಸೋಲಲ್ಲ, ಮೊದಲೇ ಒಪ್ಪಿಕೊಂಡ ದಾರಿ ಎಂದು ಎಲ್ಲರಿಗೂ ಹೇಳಿರಬೇಕು, ಪತ್ರಕರ್ತರಿಗೂ. ಮುಂದುವರಿದರೆ ಎರಡನೇ ಭಾಗದಲ್ಲಿ ಬೇಕೆಂದೇ ಸಮಯ ಬಿಟ್ಟುಕೊಟ್ಟು, ಒಂದು ಬೆಟ್ಟದ ದಿನ ಮುಂದೆ ಓಡುವ ಗುಂಪಿನಲ್ಲಿ ಸೇರುವುದು. ಅಳೆಯಬೇಕಾದದ್ದು ಸ್ಥಾನವನ್ನಲ್ಲ: ಹದಿನೈದನೇ ದಿನ ಊಟ ಇಳಿಯುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಇಳಿಜಾರಿನಲ್ಲಿ ಮುಂದಿನವರ ಚಕ್ರ ಹಿಡಿಯಲಾಗುತ್ತಿದೆಯೇ.

ಎರಡನೇ ಸ್ಥಾನದಲ್ಲಿರುವವರನ್ನು ಹತ್ತನೇ ದಿನ ಮನೆಗೆ ಕಳಿಸುವ ತಂಡ ಇದೆಯೇ ಎಂದು ಕೇಳಬಹುದು. ಪ್ರಾಯೋಜಕರಿದ್ದಾರೆ, ಟಿವಿಯಿದೆ, ದೇಶವಿದೆ. ಕಷ್ಟವೇ. ಅದಕ್ಕಾಗಿಯೇ ಮೊದಲೇ ಬರೆದಿಡಬೇಕು ಎನ್ನುವುದು. ಹತ್ತನೇ ದಿನ ಎರಡನೇ ಸ್ಥಾನದ ಅಮಲಿನಲ್ಲಿ ಯಾರೂ ಆ ತೀರ್ಮಾನ ಹೊಸದಾಗಿ ತೆಗೆದುಕೊಳ್ಳಲಾರರು.

ನಮ್ಮಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಪದಕ ತರುತ್ತಲೇ ಬಂದಿದ್ದಾರೆ. ಅವರ ತರಬೇತುದಾರರಿಗೂ ಮನೆಯವರಿಗೂ ಗೀರೊ ದೂರದ ಮಾತು, ಆದರೆ ಈ ಪ್ರಕರಣ ದೂರದ್ದಲ್ಲ. ಕಿರಿಯರ ಕೂಟದಲ್ಲಿ ಚಿನ್ನ ಬಂದ ಮರುದಿನವೇ ಊರಿನಲ್ಲಿ ಫ್ಲೆಕ್ಸ್ ಏರುತ್ತದೆ, ಮುಂದಿನ ಒಲಿಂಪಿಕ್ಸ್ ಎಂಬ ಮಾತು ಶುರುವಾಗುತ್ತದೆ. ಪೆಟ್ಟಾಗಿ ಕೂತ ಹುಡುಗಿ ಎಷ್ಟು ದಿನಕ್ಕೆ ಮರಳಬೇಕು, ಮರಳಿದ ಮೊದಲ ರೇಸಿನಲ್ಲಿ ಏನು ಮಾಡಿದರೆ ಸಾಕು ಎಂದು ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಡಲು ಖರ್ಚಿಲ್ಲ.

ಆಮೇಲೆ

ಗೀರೊ ಎವೆನೆಪುಲ್ ಅವರನ್ನು ಕೆಡಿಸಲಿಲ್ಲ. ಕೆಲವೇ ವಾರಗಳಲ್ಲಿ ಬೆಲ್ಜಿಯಂ ಟೂರ್ ಗೆದ್ದರು, ಆ ವರ್ಷದ ವಿಶ್ವ ಟೈಮ್ ಟ್ರಯಲ್‌ನಲ್ಲಿ ಕಂಚು ತಂದರು. ಇದನ್ನು ತೋರಿಸಿ ಆ ನಿರ್ಧಾರ ಸರಿಯಾಗಿತ್ತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹುಡುಗ ಗಟ್ಟಿಯಿದ್ದ, ತಡೆದುಕೊಂಡ. ಹದಿನೇಳನೇ ದಿನ ಇಳಿಜಾರಿನಲ್ಲಿ ಬಿದ್ದಾಗ ಅದೇ ಸೊಂಟಕ್ಕೆ ಮತ್ತೆ ಪೆಟ್ಟಾಗಿದ್ದರೆ ಇವತ್ತು ಬೇರೆ ಮಾತಾಡುತ್ತಿದ್ದೆವು.

ಹೆಚ್ಚು ಕಲಿಯಬೇಕಾದದ್ದು 2022ರಿಂದ. ಆ ವರ್ಷ ಗೀರೊ ಇಲ್ಲ, ಟೂರ್ ಇಲ್ಲ. ಒಂದು ವಾರದ ಕಠಿಣ ರೇಸ್‌ಗಳು, ಅದೂ ಸೋಲುವಂಥವು: ಇಟಲಿಯ ತಿರ್ರೇನೊದಲ್ಲಿ ಕಾರ್ಪೆನ್ಯಾ ಏರಿನಲ್ಲಿ ಕಳಚಿಕೊಂಡು 11ನೇ ಸ್ಥಾನ, ಬಾಸ್ಕ್ ನಾಡಿನ ಇಟ್ಜುಲಿಯಾದಲ್ಲಿ ನಾಲ್ಕನೇ ಸ್ಥಾನ. ಏಪ್ರಿಲ್‌ನಲ್ಲಿ ಲಿಯೇಜ್ ಗೆದ್ದರು. ಆಗಸ್ಟ್‌ನಲ್ಲಿ ವುಯೆಲ್ಟಾಗೆ ಹೊರಟಾಗ ಕಾಲಲ್ಲಿ ಇಡೀ ವರ್ಷದ ರೇಸ್ ಇತ್ತು. ಹನ್ನೆರಡನೇ ಹಂತದಲ್ಲಿ ಬಿದ್ದರು. ಹದಿನಾಲ್ಕು ಮತ್ತು ಹದಿನೈದನೇ ದಿನ, ಲಾ ಪಾಂದೆರಾ ಮತ್ತು ಸಿಯೆರ್ರಾ ನೆವಾದಾದಲ್ಲಿ, ಸಮಯ ಕಳೆದುಕೊಂಡರು. ಮೊಂಟಾಲ್ಚಿನೊದ ಹಾಗೆ ಕುಸಿಯಲಿಲ್ಲ. ಹಿಂದೆ ಬಿದ್ದಾಗ ಬೆನ್ನಟ್ಟದೆ ತಮ್ಮದೇ ಲಯ ಹಿಡಿದು ನಷ್ಟವನ್ನು ಸೆಕೆಂಡುಗಳಲ್ಲಿ ನಿಲ್ಲಿಸಿದರು. ಹದಿನೆಂಟನೇ ದಿನ ಪಿಯೊರ್ನಾಲ್ ಏರಿನಲ್ಲಿ ಹಂತ ಗೆದ್ದರು. ಸೆಪ್ಟೆಂಬರ್ 11ರಂದು ಮಾಡ್ರಿಡ್‌ನಲ್ಲಿ ಎನ್ರಿಕ್ ಮಾಸ್‌ಗಿಂತ 2 ನಿಮಿಷ 2 ಸೆಕೆಂಡ್ ಮುಂದಿದ್ದು, ಗೆದ್ದವರ ಕೆಂಪು ಜೆರ್ಸಿ ತೊಟ್ಟರು. ಬೆಲ್ಜಿಯಂನ 44 ವರ್ಷದ ಕಾಯುವಿಕೆ ಮುಗಿಯಿತು.

ಮರುವರ್ಷದ ವುಯೆಲ್ಟಾದಲ್ಲಿ ತುರ್ಮಲೆ ಹಂತದ ದಿನ ಅವರು 27 ನಿಮಿಷ ಕಳೆದುಕೊಂಡರು, ಪಟ್ಟ ಉಳಿಸಿಕೊಳ್ಳುವ ಆಸೆ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ರಾತ್ರಿ ಗುರಿ ಬದಲಾಯಿತು. ಮರುದಿನ ಮುಂದೆ ಓಡಿದ ಗುಂಪು ಸೇರಿ ಲಾರ್ರಾ–ಬೆಲಾಗ್ವಾದಲ್ಲಿ ಗೆದ್ದು ಗೆರೆಯ ಬಳಿ ಅತ್ತರು. ಆ ರೇಸನ್ನು ಒಟ್ಟು ಮೂರು ಹಂತದ ಗೆಲುವು ಮತ್ತು ಬೆಟ್ಟಗಳ ರಾಜನ ಜೆರ್ಸಿಯೊಂದಿಗೆ ಮುಗಿಸಿದರು. 2021ರಲ್ಲಿ ಹನ್ನೊಂದನೇ ಹಂತದ ಸಂಜೆ ಯಾರೂ ಮಾಡದ ಕೆಲಸ ಇಲ್ಲಿ ಒಂದೇ ರಾತ್ರಿಯಲ್ಲಿ ಆಯಿತು. 2024ರಲ್ಲಿ ಮೊದಲ ಸಲ ಟೂರ್‌ಗೆ ಹೋದಾಗ ವಯಸ್ಸು 24, ಮೂರನೇ ಸ್ಥಾನ, ಎಳೆಯ ಸವಾರರಲ್ಲಿ ಮೊದಲಿಗರ ಬಿಳಿ ಜೆರ್ಸಿ.

ಈಗ ಇದೇ ಪ್ರಶ್ನೆ ಫ್ರಾನ್ಸಿನ ಮುಂದಿದೆ. 2006ರಲ್ಲಿ ಹುಟ್ಟಿದ ಪೋಲ್ ಸೆಕ್ಸಾಸ್ 18ನೇ ವಯಸ್ಸಿನಲ್ಲಿ 2025ರ ದೋಫಿನೆಯಲ್ಲಿ ಪೊಗಾಚರ್, ವಿಂಗೆಗೋರ್ ಇದ್ದ ಪಟ್ಟಿಯಲ್ಲಿ ಎಂಟನೆಯವರಾದರು. 1985ರ ಇನೋ ನಂತರ ಟೂರ್ ಗೆದ್ದ ಫ್ರೆಂಚ್ ಗಂಡಸಿಲ್ಲ, ಆದ್ದರಿಂದ ಕೂಗು ಎಷ್ಟು ಜೋರಿರಬಹುದೆಂದು ಊಹಿಸಬಹುದು. ತಂಡ ಆ ಬೇಸಿಗೆ ಅವರನ್ನು ಟೂರ್‌ಗೆ ಕಳಿಸಲಿಲ್ಲ. ತಮ್ಮ ವಯಸ್ಸಿನವರ ಜೊತೆ ಲಾವೆನೀರ್ ರೇಸಿಗೆ ಕಳಿಸಿತು, ಅಲ್ಲಿ ಅವರು ಗೆದ್ದರು. ಸೆಕ್ಸಾಸ್ ಅವರ ಮೊದಲ ಮೂರು ವಾರದ ರೇಸಿನಲ್ಲಿ ನಾನಂತೂ ಹತ್ತನೇ ದಿನದ ಪಟ್ಟಿ ನೋಡುವುದಿಲ್ಲ. ಹದಿನಾರನೇ ದಿನ ಯಾರು ಯಾರಿಗಾಗಿ ತುಳಿಯುತ್ತಿದ್ದಾರೆ ಎಂದು ನೋಡುತ್ತೇನೆ.